ಗುಳಿಗೆ ರಕ್ತ ಸೇರುವ ದಾರಿ



ಇದೇ ಶಾಲೆಯಲ್ಲಿ ಓದಿದ ನಾನು ಈಗ ಭಾಲ್ಕಿಯಲ್ಲಿ ಔಷಧ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಗೆ ಬರುವವರಲ್ಲಿ ಅನೇಕರ ಮಾತು ಒಂದೇ: "ಗುಳಿಗೆ ಹೊಟ್ಟೆಯಲ್ಲೇ ಉಳಿಯುತ್ತದೆ, ಸೂಜಿ ಮಾಡಿಸಿದರೆ ಸೀದಾ ರಕ್ತಕ್ಕೆ ಹೋಗುತ್ತದೆ." ಇದು ಅರ್ಧ ಸತ್ಯವೂ ಅಲ್ಲ. ನರಕ್ಕೆ ಕೊಡುವ ಸೂಜಿ ಮಾತ್ರ ಸೀದಾ ರಕ್ತಕ್ಕೆ ಹೋಗುತ್ತದೆ. ತೋಳಿಗೋ ಸೊಂಟಕ್ಕೋ ಚುಚ್ಚಿದ ಔಷಧಿ ಮಾಂಸಖಂಡದಿಂದ ಮೆಲ್ಲಗೆ ಇಂಗಿಯೇ ರಕ್ತ ಸೇರಬೇಕು.

ನುಂಗಿದ ಗುಳಿಗೆಯೂ ರಕ್ತ ಸೇರುತ್ತದೆ, ಆದರೆ ಸುತ್ತುದಾರಿಯಲ್ಲಿ. ಜಠರದಲ್ಲಿ ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಹೀರಿಕೆ ಹೆಚ್ಚಾಗಿ ನಡೆಯುವುದು ಅಲ್ಲಿ. ಅಲ್ಲಿಂದ ಒಂದು ದೊಡ್ಡ ರಕ್ತನಾಳ ಅದನ್ನು ಮೊದಲು ಯಕೃತ್ತಿಗೆ ಒಯ್ಯುತ್ತದೆ. ಯಕೃತ್ತು ನಮ್ಮ ಹಳೇ ಚೆಕ್‌ಪೋಸ್ಟ್ ಇದ್ದಂತೆ, ತನ್ನ ಪಾಲು ತೆಗೆದುಕೊಳ್ಳದೆ ಬಿಡುವುದಿಲ್ಲ! ಉಳಿದದ್ದು ಹೃದಯಕ್ಕೆ ಬಂದು ಮೈತುಂಬ ಹರಡುತ್ತದೆ.

ಮಕ್ಕಳೇ, ವಾರಕ್ಕೊಮ್ಮೆ ನಿಮಗೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಊಟವಾದ ಮೇಲೆ ನುಂಗಿ, ಕೂಡಲೇ ಚಹಾ ಕುಡಿಯಬೇಡಿ. ಚಹಾದ ಒಗರು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಬಿಡುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಚಹಾ ಎಂದು ನಾನು ಹೇಳಬೇಕಿಲ್ಲ.

ಇನ್ನು ಹಿರಿಯರಿಗೆ ಒಂದು ಮಾತು. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡಲು ವೈದ್ಯರು ಕೆಲವರಿಗೆ ಸಾರ್ಬಿಟ್ರೇಟ್ ಎಂಬ ಪುಟ್ಟ ಗುಳಿಗೆ ಬರೆದುಕೊಡುತ್ತಾರೆ. ಗಾಬರಿಯಲ್ಲಿ ಅದನ್ನು ನೀರಿನ ಜೊತೆ ನುಂಗುವವರನ್ನು ನಾನು ಬಲ್ಲೆ. ನುಂಗಿದರೆ ಅದರ ದೊಡ್ಡ ಪಾಲನ್ನು ಯಕೃತ್ತು ಕೆಡಿಸುತ್ತದೆ, ಉಳಿದದ್ದು ತಡವಾಗಿ ತಲುಪುತ್ತದೆ. ನಾಲಿಗೆಯ ಕೆಳಗೆ ಚರ್ಮ ತೆಳು, ರಕ್ತನಾಳಗಳು ದಟ್ಟ. ಅಲ್ಲಿಂದ ಔಷಧಿ ಯಕೃತ್ತನ್ನು ಮುಟ್ಟದೆ ಹೃದಯಕ್ಕೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೆಲಸ ಶುರು ಮಾಡುತ್ತದೆ. ಔರಾದದಿಂದ ಬೀದರಿನ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ತಾಂಡಾಗಳಿಂದ ಇನ್ನೂ ದೂರ. ಆ ದಾರಿಯಲ್ಲಿ ಈ ನಿಮಿಷಗಳಿಗೆ ಬೆಲೆ ಇದೆ.

ವೈದ್ಯರು ಬರೆದುಕೊಟ್ಟವರು ಮಾತ್ರ ಇದನ್ನು ಬಳಸಬೇಕು, ಪಕ್ಕದ ಮನೆಯವರಿಂದ ತಂದು ಹಾಕಬೇಡಿ. ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಆದ್ದರಿಂದ ಕೂತುಕೊಂಡೇ ಇಡಿ. ಮನೆಯವರು ಆಗಲೇ 108ಕ್ಕೆ ಫೋನ್ ಮಾಡಲಿ, ನೋವು ಇಳಿಯುವುದೇನೋ ಎಂದು ಕಾಯುವುದು ಬೇಡ.