ಹಿರಿಯರ ಮಾತು, ಕಿರಿಯರ ಲೇಖನಿ

(ಎನ್. ಬೇಗೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಪದವಿ ಪಡೆದವರನ್ನು ಗೌರವಿಸಲು ಸೇರಿದ ಸಭೆಯಿದು. ಮದ್ರಸದ ಸನದನ್ನೂ ಬಿ.ಎ. ಪದವಿಯನ್ನೂ ಪಡೆದಿರುವ ನಾವೇ ಪದವಿಯ ಮಿತಿಯ ಕುರಿತು ಮಾತನಾಡುವುದು ಕೆಲವರಿಗೆ ಅಪ್ರಿಯವೆನಿಸಬಹುದು. ಆದರೂ ಹೇಳಲೇಬೇಕಾಗಿದೆ.

ಪವಿತ್ರ ಕುರ್‌ಆನಿನ ಅಲ್ ಕಹ್‌ಫ್ ಅಧ್ಯಾಯದಲ್ಲಿ, ಮಹಾನ್ ಪ್ರವಾದಿಯಾದ ಮೂಸಾ(ಅ)ರು ತಮಗಿಲ್ಲದ ಜ್ಞಾನವನ್ನರಸಿ ಅಲ್ಲಾಹನ ಓರ್ವ ದಾಸರ ಹಿಂದೆ ಶಿಷ್ಯರಂತೆ ನಡೆದ ವೃತ್ತಾಂತವಿದೆ. ಆ ಜ್ಞಾನ ದೇವದತ್ತವಾದುದು. ಅದರಿಂದ ನಾವು ಕಲಿಯಬೇಕಾದುದು ವಿನಯ. ಪ್ರವಾದಿಗಿದ್ದ ವಿನಯ ಪದವೀಧರರಾದ ನಮಗಿದೆಯೇ?

ಈ ಸೀಮೆಯನ್ನೇ ನೋಡೋಣ. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಕಾಡಿನ ಹಾಡಿಗಳನ್ನು ತೊರೆಯಬೇಕಾಗಿ ಬಂದ ಜೇನು ಕುರುಬರ, ಕಾಡು ಕುರುಬರ ಕೈಯಲ್ಲಿ ಕಾಗದಪತ್ರಗಳಿರಲಿಲ್ಲ. ಇದ್ದುದು ನೆನಪು ಮಾತ್ರ. ಅಜ್ಜ ಎಲ್ಲಿ ಮಣ್ಣಾದ, ಯಾವ ಮರದಲ್ಲಿ ಹೆಜ್ಜೇನು ಕಟ್ಟುತ್ತಿತ್ತು ಎಂಬ ನೆನಪು. ಇದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸದು.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2008ರಲ್ಲಿ ಬಂದ ನಿಯಮಗಳು ಈ ನೆನಪಿಗೆ ಬೆಲೆ ಕೊಟ್ಟಿವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಹಳೆಯ ಸಮಾಧಿ, ಬಾವಿ, ಪೂಜಾಸ್ಥಳಗಳೂ ಸಾಕ್ಷ್ಯಗಳಾಗಬಲ್ಲವು. ಆದರೆ ಹಿರಿಯರ ಹೇಳಿಕೆ ಬರಹದಲ್ಲಿರಬೇಕು. ಕಾಡನ್ನು ಬಲ್ಲ ಎಷ್ಟೋ ಹಿರಿಯರಿಗೆ ಬರೆಯಲು ಬಾರದು. ಬರೆಯಬಲ್ಲ ನಮಗೆ ಕಾಡು ತಿಳಿಯದು. ಬರೆದುಕೊಳ್ಳುವವರು ಸಿಗದಿದ್ದರೆ ಆ ಹಿರಿಯರು ಕಣ್ಮುಚ್ಚಿದ ದಿನ ಅವರೊಂದಿಗೆ ಸಾಕ್ಷ್ಯವೂ ಮಣ್ಣಾಗುತ್ತದೆ, ಮೊಮ್ಮಕ್ಕಳ ಹಕ್ಕೂ ಮಣ್ಣಾಗುತ್ತದೆ.

ಆದ್ದರಿಂದ, 'ಅನುಭವವೊಂದೇ ಸಾಕು' ಎಂದು ಮಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳುಹಿಸುವ ತಂದೆಯರಿಗೆ ನಮ್ಮ ಮಾತು ನೆಪವಾಗದಿರಲಿ. 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತದವರು ಇಲ್ಲವೇ ನಡುವೆ ಬಿಟ್ಟವರು ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಅಕ್ಷರವಿಲ್ಲದ ಅನುಭವ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತದೆ. ಅನುಭವಕ್ಕೆ ಕಿವಿಗೊಡದ ಅಕ್ಷರ ಅದೇ ಕಚೇರಿಯೊಳಗೆ ಕುಳಿತು ಅದನ್ನು ಹಿಂದೆ ಕಳುಹಿಸುತ್ತದೆ.

ಸಾಲದ ವ್ಯವಹಾರದಲ್ಲಿ ಬರೆಯಬಲ್ಲವನು ಬರೆಯಲು ನಿರಾಕರಿಸಬಾರದೆಂದು ಅಲ್ ಬಕರ ಅಧ್ಯಾಯ ಆಜ್ಞಾಪಿಸುತ್ತದೆ. ಅಕ್ಷರವು ಅಲ್ಲಾಹನು ಕಲಿಸಿದ ಕೊಡುಗೆ, ಆದ್ದರಿಂದ ಅದು ಹೊಣೆಯೂ ಹೌದು. ಪದವೀಧರ ಸಹೋದರ ಸಹೋದರಿಯರೇ, ನಾಳೆ ನೆರೆಯ ಹಾಡಿಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಅವರು ಯಾವ ಧರ್ಮದವರೆಂದು ಕೇಳಬೇಡಿರಿ. ಮೊದಲು ಆಲಿಸಿರಿ, ಬಳಿಕ ಬರೆಯಿರಿ, ಬರೆದುದನ್ನು ಅವರಿಗೇ ಓದಿ ಹೇಳಿರಿ. ಅವರು 'ಹೌದು, ಹೀಗೆಯೇ' ಎಂದ ಮೇಲಷ್ಟೇ ನಿಮ್ಮ ಪದವಿ ಪೂರ್ಣವಾಯಿತೆಂದು ತಿಳಿಯಿರಿ.