ಕೊಯ್ಯದೆ ಬಿಟ್ಟ ಚಿಗುರು

ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಬೇಲಿಗೆ ಹಬ್ಬಿದ ಮುಳ್ಳುಬಳ್ಳಿ ಶತಾವರಿಯನ್ನು ನೀವು ನೋಡಿರುತ್ತೀರಿ. ನಮ್ಮವರು ಅದನ್ನು ಹಲವು ಮಕ್ಕಳ ತಾಯಿಬೇರು ಎನ್ನುತ್ತಾರೆ. ಅಗೆದರೆ ಗೊಂಚಲು ಗೊಂಚಲು ಗೆಡ್ಡೆ. ಸಿಪ್ಪೆ ಸುಲಿದು, ನಡುವಿನ ನಾರು ತೆಗೆದು, ಒಣಗಿಸಿ ಪುಡಿ ಮಾಡಿ ಬಾಣಂತಿಗೆ ಹಾಲಿನಲ್ಲಿ ಕೊಡುವುದುಂಟು. ಇದೇ ಕುಲದ ಇನ್ನೊಂದು ಗಿಡ ಆಸ್ಪರಾಗಸ್. ನಾವು ಅದರ ಬೇರು ತಿನ್ನುವುದಿಲ್ಲ, ನೆಲದಿಂದ ಈಟಿಯಂತೆ ಏಳುವ ಎಳೆಯ ಚಿಗುರು ತಿನ್ನುತ್ತೇವೆ.

ಕೃಷ್ಣರಾಜನಗರದ ಭತ್ತದ ಗದ್ದೆ ಆಸ್ಪರಾಗಸ್‌ಗೆ ಆಗದು. ನೀರು ನಿಂತರೆ ಬೇರು ಕೊಳೆಯುತ್ತದೆ. ಹಿತ್ತಿಲಲ್ಲಿ ಮಣ್ಣು ಏರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ಬಸಿಯುವ ಮಡಿ ಮಾಡಬೇಕು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಕೆಂಪು ಮಣ್ಣಾದರೆ ಇನ್ನೂ ಅನುಕೂಲ.

ಮೊದಲ 2 ವರ್ಷ ಚಾಕು ಮುಟ್ಟಿಸುವಂತಿಲ್ಲ. ಚಿಗುರು ಬೆಳೆದು ನವಿರಾದ ಹಸಿರು ಪೊದೆಯಾಗಿ, ಬಿಸಿಲು ಕುಡಿದು ಬೇರಿಗೆ ಆಹಾರ ಕಳಿಸಬೇಕು. ಬೇಗ ಕೊಯ್ದರೆ ಗಿಡ ಸೊರಗುತ್ತದೆ. ಕಾದವರಿಗೆ ಒಂದೇ ಮಡಿ ಹತ್ತು ವರ್ಷಕ್ಕೂ ಮೀರಿ ಕೊಡಬಲ್ಲದು. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಗಿಡವನ್ನು ಮಲಗಿಸುತ್ತದೆ. ನಮ್ಮಲ್ಲಿ ಆ ನಿದ್ದೆಯಿಲ್ಲ. ನಮ್ಮಂತೆಯೇ ಹಿಮ ಬೀಳದ ಥಾಯ್ಲೆಂಡಿನ ರೈತರು ಪ್ರತಿ ಬುಡಕ್ಕೆ ಕೆಲವು ಚಿಗುರನ್ನು ಪೊದೆಯಾಗಲು ತಾಯಿಕಾಂಡವಾಗಿ ಬಿಟ್ಟು ಉಳಿದ ಚಿಗುರನ್ನಷ್ಟೇ ಕೊಯ್ಯುತ್ತಾರೆ. ನಮಗೂ ಅದೇ ದಾರಿ ಸರಿ ಎಂದು ನನ್ನ ಎಣಿಕೆ.

ಕೊಯ್ದ ಮೇಲೆ ಸಿಹಿ ಗಂಟೆಗಂಟೆಗೂ ಇಳಿಯುತ್ತದೆ, ಆದ್ದರಿಂದ ಒಲೆ ಹೊತ್ತಿಸಿಟ್ಟೇ ಹಿತ್ತಿಲಿಗೆ ಹೋಗಿ! ಬುಡದ ನಾರು ಹೆರೆದು, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ ಮೂರ್ನಾಲ್ಕು ನಿಮಿಷ ಬಾಡಿಸಿದರೆ ಸಾಕು. ಮೇಲೆ ಕಾಯಿತುರಿ. ಹುಳಿ ಹಿಂಡಬೇಡಿ, ಹಸಿರು ಬಣ್ಣ ಕಂದುತ್ತದೆ.