ಮರದ ಸಾಲುಗಳ ನಡುವೆ ಸೋಯಾ ಅವರೆ



ಬೆಳಗಾವಿ, ಧಾರವಾಡ, ಬೀದರ ಜಿಲ್ಲೆಗಳ ಮುಂಗಾರು ಬೆಳೆಗಳಲ್ಲಿ ಸೋಯಾ ಅವರೆಗೆ ದೊಡ್ಡ ಸ್ಥಾನವಿದೆ. ರೈತರ ಬಾಯಲ್ಲಿ ಅದು ಸೋಯಾಬೀನ್. ಇದರ ಕಾಳಿನಲ್ಲಿ ಶೇಕಡ ೪೦ರಷ್ಟು ಪ್ರೋಟೀನು, ಶೇಕಡ ೨೦ರಷ್ಟು ಎಣ್ಣೆ ಇರುತ್ತದೆ. ಬಿತ್ತಿದ ಸುಮಾರು ೯೦ರಿಂದ ೧೦೦ ದಿನಗಳಲ್ಲಿ ಬೆಳೆ ಕೈಗೆ ಬರುತ್ತದೆ. ಅದೇ ಹೊಲದಲ್ಲಿ ತೇಗವನ್ನೋ ಹೆಬ್ಬೇವನ್ನೋ ನೆಟ್ಟರೆ ಹಣ ಕಾಣಲು ಹಲವು ವರ್ಷ ಕಾಯಬೇಕು. ಎರಡು ಎಕರೆ ಭೂಮಿಯ ಕುಟುಂಬ ಅಷ್ಟು ಕಾಲ ಬರಿಗೈಯಲ್ಲಿ ಕುಳಿತಿರಲಾರದು.

ಹಾಗಾದರೆ ಎರಡನ್ನೂ ಒಂದೇ ಹೊಲದಲ್ಲಿ ಬೆಳೆಯಬಹುದೇ? ಬೆಳೆಯಬಹುದು. ಇದನ್ನೇ ಕೃಷಿ ಅರಣ್ಯ ಪದ್ಧತಿ ಎನ್ನುತ್ತೇವೆ. ಇದರ ಬಗ್ಗೆ ಅಖಿಲ ಭಾರತ ಮಟ್ಟದ ಸಂಘಟಿತ ಸಂಶೋಧನೆ ೧೯೮೩ರಲ್ಲಿ ಆರಂಭವಾಯಿತು. ೨೦೧೪ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಅಂಗೀಕರಿಸಿತು. ಆದರೆ ನೀತಿ ಬಂದ ಮಾತ್ರಕ್ಕೆ ಮರವೂ ಬೆಳೆಯೂ ಹೊಂದಿಕೊಂಡು ಬಾಳುವುದಿಲ್ಲ. ಬೆಳಕು, ನೀರು, ಪೋಷಕಾಂಶ, ಈ ಮೂರಕ್ಕೂ ಅವುಗಳ ನಡುವೆ ಪೈಪೋಟಿ ಇದ್ದೇ ಇರುತ್ತದೆ. ಆ ಪೈಪೋಟಿಯನ್ನು ಹತೋಟಿಯಲ್ಲಿಡುವುದೇ ರೈತನ ಜಾಣ್ಮೆ.

ಮೊದಲು ಬೆಳಕಿನ ವಿಚಾರ. ಜೋಳ, ಮೆಕ್ಕೆಜೋಳಗಳು ಸಿ-೪ ಗುಂಪಿನ ಸಸ್ಯಗಳು. ಬಿಸಿಲು ಹೆಚ್ಚಿದಷ್ಟೂ ಅವುಗಳ ಆಹಾರ ತಯಾರಿಕೆ ಹೆಚ್ಚುತ್ತದೆ. ಸೋಯಾ ಅವರೆ ಸಿ-೩ ಗುಂಪಿಗೆ ಸೇರಿದ್ದು. ಅದರ ಎಲೆಗೆ ಪೂರ್ಣ ಬಿಸಿಲಿಗಿಂತ ಕಡಿಮೆ ಬೆಳಕೇ ಸಾಕಾಗುತ್ತದೆ. ಆದ್ದರಿಂದ ತೆಳುವಾದ ನೆರಳನ್ನು ಅದು ಸಹಿಸುತ್ತದೆ. ನೆರಳು ದಟ್ಟವಾದರೆ ಮಾತ್ರ ಗಿಡ ಸಣಕಲಾಗಿ ಉದ್ದ ಬೆಳೆದು ಬಾಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ನೆರಳಿನಲ್ಲಿ ಎಲೆಯ ತೇವ ಬೇಗ ಆರುವುದಿಲ್ಲವಾದ್ದರಿಂದ ತುಕ್ಕು ರೋಗಕ್ಕೂ ಅನುಕೂಲವಾಗುತ್ತದೆ. ಇಂಥಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿ.ಎಸ್.ಬಿ. ೨೧ರಂತಹ, ತುಕ್ಕು ರೋಗವನ್ನು ತಡೆದುಕೊಳ್ಳುವ ತಳಿ ಮೇಲು.

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಹತ್ತು ಮೀಟರ್ ಅಂತರದಲ್ಲಿ ಎರಡು ಮರದ ಸಾಲುಗಳನ್ನು ಪೂರ್ವ-ಪಶ್ಚಿಮವಾಗಿ ಎಳೆಯಿರಿ. ದಿಕ್ಕು ಹೀಗೇಕೆ? ಧಾರವಾಡದ ಅಕ್ಷಾಂಶದಲ್ಲಿ ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಆಗ ಬೆಳಗಿನ ಮತ್ತು ಸಂಜೆಯ ನೆರಳು ಬಹುಮಟ್ಟಿಗೆ ಮರದ ಸಾಲಿನ ಉದ್ದಕ್ಕೇ ಬೀಳುತ್ತದೆ, ಬೆಳೆಯ ಮೇಲೆ ಕಡಿಮೆ. ಪ್ರತಿ ಸಾಲಿನ ಪಕ್ಕದಲ್ಲಿ ಒಂದೊಂದು ಮೀಟರ್ ಜಾಗ ಬಿಟ್ಟರೆ ನಡುವೆ ಎಂಟು ಮೀಟರ್ ಉಳಿಯುತ್ತದೆ. ೩೦ ಸೆಂಟಿಮೀಟರಿಗೆ ಒಂದರಂತೆ ಅಲ್ಲಿ ಸುಮಾರು ೨೬ ಸಾಲು ಸೋಯಾ ಅವರೆ ಬಿತ್ತಬಹುದು. ಮರ ಬೆಳೆದು ಎರಡೆರಡು ಮೀಟರ್ ಬಿಡಬೇಕಾಗಿ ಬಂದಾಗ ಉಳಿಯುವುದು ೨೦ ಸಾಲು ಮಾತ್ರ. ಕೆಳಗಿನ ಕೊಂಬೆಗಳನ್ನು ಕಾಲಕಾಲಕ್ಕೆ ಸವರಿ, ಬಿತ್ತನೆಗೆ ಮೊದಲು ಸಾಲಿನ ಪಕ್ಕದಲ್ಲಿ ಆಳವಾಗಿ ಉಳುಮೆ ಮಾಡಿ ಮೇಲ್ಮಣ್ಣಿನ ಬೇರುಗಳನ್ನು ಕತ್ತರಿಸಿದರೆ ಈ ನಷ್ಟವನ್ನು ಕೆಲವು ವರ್ಷ ಮುಂದೂಡಬಹುದು. ಮಳೆ ಕೈಕೊಟ್ಟ ದಿನಗಳಲ್ಲಿ ಈ ಬೇರು ಕತ್ತರಿಸಿದ್ದರ ಬೆಲೆ ತಿಳಿಯುತ್ತದೆ.

ಇನ್ನು ಸಾರಜನಕದ ಮಾತು. ಸೋಯಾ ಅವರೆಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಅದಕ್ಕಾಗಿಯೇ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಬೇಕು. ಹಾಗೆಂದು ಈ ಬೆಳೆ ಮರಕ್ಕೆ ಪುಕ್ಕಟೆ ಗೊಬ್ಬರ ಕೊಡುತ್ತದೆ ಎಂದು ತಿಳಿಯಬಾರದು. ನೀವೇ ಲೆಕ್ಕ ಹಾಕಿ: ಒಂದು ಕ್ವಿಂಟಾಲ್ ಕಾಳಿನಲ್ಲಿ ೪೦ ಕಿಲೋ ಪ್ರೋಟೀನು, ಪ್ರೋಟೀನಿನಲ್ಲಿ ಶೇಕಡ ೧೬ರಷ್ಟು ಸಾರಜನಕ. ಅಂದರೆ ಪ್ರತಿ ಕ್ವಿಂಟಾಲಿನೊಂದಿಗೆ ಆರು ಕಿಲೋಗೂ ಹೆಚ್ಚು ಸಾರಜನಕ ಹೊಲ ಬಿಟ್ಟು ಮಾರುಕಟ್ಟೆಗೆ ಹೋಗುತ್ತದೆ. ಅದರ ಸುಮಾರು ಅರ್ಧ ಭಾಗ ಮಾತ್ರ ಗಾಳಿಯಿಂದ ಬಂದದ್ದು, ಉಳಿದದ್ದು ಮಣ್ಣಿನದೇ. ಉದುರಿದ ಎಲೆ, ಒಕ್ಕಿದ ಮೇಲಿನ ಹೊಟ್ಟು, ಮರದ ತರಗು, ಇವು ಹೊಲಕ್ಕೆ ಮರಳಿದರೆ ಮಾತ್ರ ಮಣ್ಣಿಗೆ ಲಾಭ. ಹೊಟ್ಟನ್ನು ಸುಟ್ಟರೆ ಆ ಲಾಭವೂ ಹೊಗೆಯಾಗಿ ಹೋಗುತ್ತದೆ.

ಒಂದು ದಿನ ಮರಗಳ ನೆತ್ತಿಗಳು ಕೂಡಿಕೊಳ್ಳುತ್ತವೆ. ಆಗಲೂ ಹಟ ಹಿಡಿದು ಸೋಯಾ ಅವರೆಯನ್ನೇ ಬಿತ್ತಿದರೆ ಬೀಜದ ಖರ್ಚೂ ಹುಟ್ಟದು. ನೀರಿದ್ದರೆ ನೆರಳು ತಾಳುವ ಅರಿಸಿನ, ಇಲ್ಲವಾದರೆ ಮೇವಿನ ಹುಲ್ಲು, ಹೀಗೆ ಬೆಳೆ ಬದಲಾಗಬೇಕು. ಯಾವ ವರ್ಷ ಬದಲಿಸಬೇಕೆಂಬುದನ್ನು ಪುಸ್ತಕಕ್ಕಿಂತ ಹೊಲವೇ ಚೆನ್ನಾಗಿ ಹೇಳುತ್ತದೆ.

ಅದನ್ನು ಕೇಳುವ ಬಗೆ ಸುಲಭ. ಈ ಬಾರಿ ಕಾಯಿ ಬಲಿಯುವ ಕಾಲದಲ್ಲಿ, ಮರವಿರುವ ಒಂದು ಸೋಯಾ ಹೊಲಕ್ಕೆ ಮನೆಯವರ ಒಪ್ಪಿಗೆ ಪಡೆದು ಹೋಗಿ. ಮರದಿಂದ ಒಂದು, ಎರಡು, ನಾಲ್ಕು ಮೀಟರ್ ದೂರದಲ್ಲಿ ಹತ್ತು ಹತ್ತು ಗಿಡಗಳ ಕಾಯಿಗಳನ್ನು ಎಣಿಸಿ ಬರೆದುಕೊಳ್ಳಿ. ಮರ ಎಷ್ಟು ದೂರದವರೆಗೆ ತನ್ನ ಪಾಲು ಕೇಳುತ್ತಿದೆ ಎಂಬುದು ಆ ಅಂಕಿಗಳಲ್ಲಿ ಕಾಣುತ್ತದೆ. ಆ ಹಾಳೆಯನ್ನು ಹೊಲದ ಯಜಮಾನರಿಗೂ ತೋರಿಸಿ; ಮುಂದಿನ ಬಿತ್ತನೆಗೆ ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.